ಕಾಂಗ್ ಯಾತ್ಸೆವರೆಗೆ ಹೋದ ರಾಗಿ ಹುರಿಹಿಟ್ಟು: ನಾಲ್ಕನೇ ವರ್ಷದ ಬಳಕೆದಾರರ ವಿಮರ್ಶೆ

ಬೆಂಗಳೂರಿನ ತ್ಯಾಗರಾಜನಗರದ ಒಂದು ಗೃಹೋದ್ಯಮದಿಂದ ನಾನು 2022ರಿಂದ ರಾಗಿ ಹುರಿಹಿಟ್ಟು ಕೊಳ್ಳುತ್ತಿದ್ದೇನೆ, ಹಿಮಾಲಯಕ್ಕೆ ಒಯ್ಯಲೆಂದೇ. ಮನಾಲಿ ಬಳಿಯ ಫ್ರೆಂಡ್‌ಶಿಪ್ ಪೀಕ್ (5,289 ಮೀಟರ್), ರೂಪಿನ್ ಪಾಸ್, ಲಡಾಖಿನ ಕಾಂಗ್ ಯಾತ್ಸೆ-2 (6,250 ಮೀಟರ್) ಮೂರಕ್ಕೂ ಇದು ಬಂದಿದೆ.

ಮೊದಲ ವರ್ಷ ಹೆಚ್ಚು ನಂಬಿದ್ದು ಬಿಸಿನೀರು ಸುರಿದು ತಿನ್ನುವ ಪಲಾವ್ ಪೊಟ್ಟಣಗಳನ್ನು. ಮನೆಯಲ್ಲಿ ಎಂಟು ನಿಮಿಷಕ್ಕೆ ಅರಳುತ್ತಿದ್ದ ಅನ್ನ ಮೇಲಿನ ಶಿಬಿರದಲ್ಲಿ ಇಪ್ಪತ್ತು ನಿಮಿಷವಾದರೂ ನಡುವೆ ಗಟ್ಟಿಯಾಗಿಯೇ ಉಳಿಯಿತು. ಐದು ಸಾವಿರ ಮೀಟರ್ ಎತ್ತರದಲ್ಲಿ ನೀರು ಸುಮಾರು 83 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಉರಿ ಕೊಟ್ಟರೂ ಅದಕ್ಕಿಂತ ಬಿಸಿಯಾಗದು. ಹುರಿಹಿಟ್ಟಿಗೆ ಈ ಪಾಡಿಲ್ಲ. ರಾಗಿಯನ್ನು ತೇವಮಾಡಿಟ್ಟು, ಕಾದ ಮರಳಿನಲ್ಲಿ ಅರಳಿಸಿ, ಬೀಸಿದ ಹಿಟ್ಟು ಅದು. ಬೇಯುವ ಕೆಲಸ ಬೆಂಗಳೂರಿನಲ್ಲೇ ಮುಗಿದಿರುತ್ತದೆ. ಉಗುರುಬೆಚ್ಚಗಿನ ನೀರು ಸಾಕು, ಗ್ಯಾಸ್ ಹಿಮ ಕರಗಿಸಲು ಉಳಿಯುತ್ತದೆ.

ನನ್ನ ಅಳತೆ: ನೂರು ಗ್ರಾಂ ಹಿಟ್ಟು, ನಲವತ್ತು ಗ್ರಾಂ ಬೆಲ್ಲದ ಪುಡಿ, ಇಪ್ಪತ್ತೈದು ಗ್ರಾಂ ಹಾಲಿನ ಪುಡಿ. ಸುಮಾರು 600 ಕ್ಯಾಲೊರಿ. ಹೆಚ್ಚಿನ ಪಾಲು ಪಿಷ್ಟ ಮತ್ತು ಸಕ್ಕರೆ. ಎತ್ತರದಲ್ಲಿ ನನಗೆ ಇದೇ ಬೇಕು, ಏಕೆಂದರೆ ಒಂದು ಲೀಟರ್ ಆಮ್ಲಜನಕದಿಂದ ಪಿಷ್ಟ ಕೊಡುವ ಶಕ್ತಿ ಕೊಬ್ಬು ಕೊಡುವುದಕ್ಕಿಂತ ತುಸು ಹೆಚ್ಚು. ತೂಕದ ಲೆಕ್ಕದಲ್ಲಿ ಕೊಬ್ಬೇ ಗೆಲ್ಲುತ್ತದೆ, ಒಪ್ಪುತ್ತೇನೆ. ಆದರೆ ಹಸಿವೇ ಸತ್ತುಹೋದ ಹೊತ್ತಿನಲ್ಲಿ ತುಪ್ಪದ ವಾಸನೆಗೇ ನನ್ನ ಹೊಟ್ಟೆ ತೊಳಸುತ್ತದೆ. ಕಾಂಗ್ ಯಾತ್ಸೆ ಬೇಸ್ ಕ್ಯಾಂಪಿನಿಂದ ನಡುರಾತ್ರಿ ಹೊರಡುವ ಮುನ್ನ ಚಪಾತಿಯ ತುಂಡೂ ಗಂಟಲಲ್ಲಿ ಇಳಿಯಲಿಲ್ಲ. ಅಂಬಲಿಯಂತೆ ತೆಳ್ಳಗೆ ಕಲಸಿದ ಹಿಟ್ಟು ಒಂದು ಲೋಟ ಇಳಿಯಿತು. ಆ ಒಂದು ಲೋಟಕ್ಕೆ ನಾನು ಇಂದಿಗೂ ಋಣಿ.

ಇನ್ನು ಕೊರತೆಗಳು. ಪೊಟ್ಟಣ ತೀರಾ ತೆಳು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ಸಮೇತ ಮುಚ್ಚಿದ್ದು 3,500 ಮೀಟರಿನ ಲೇಹ್‌ನಲ್ಲಿ ಬಲೂನಿನಂತೆ ಉಬ್ಬಿತ್ತು. ಮುಂದೆ ಒಂದು ಒಡೆದು ಒಣ ಸಾಕ್ಸಿನ ತುಂಬ ಹಿಟ್ಟಾಯಿತು. ಈಗ ಮನೆಯಲ್ಲೇ ಜಿಪ್ ಚೀಲಗಳಿಗೆ ಗಾಳಿ ಹಿಂಡಿ ತುಂಬುತ್ತೇನೆ, ಒಂದು ಹೊತ್ತಿಗೆ ಒಂದು ಚೀಲ. ಎರಡನೇ ವರ್ಷ ತಂದ, ಕಡಲೆಕಾಯಿ ಮತ್ತು ಕೊಬ್ಬರಿ ಬೆರೆತ ಬಗೆ ಎರಡು ತಿಂಗಳಲ್ಲೇ ಕಮಟು ಹಿಡಿಯಿತು. ಎಣ್ಣೆಯಂಶದ್ದನ್ನು ಬೆರೆಸದ ಹಿಟ್ಟನ್ನೇ ಕೊಳ್ಳಿ.

ಸಿಹಿಯೂ ಒಂದು ತೊಡಕು. ಐದನೆಯ ದಿನಕ್ಕೆ ಬೆಲ್ಲ ಕಂಡರೆ ಸಾಕೆನಿಸಿತು. ಮರಳಿ ಬಂದು ಹೇಳಿದಾಗ ಗೃಹೋದ್ಯಮದ ಅಕ್ಕ, “ಬೆಲ್ಲ ಬೇಡ, ಹಿಟ್ಟಿಗೆ ಹುರಿದ ಜೀರಿಗೆ ಸೇರಿಸಿ ಬೀಸಿ ಕೊಡುತ್ತೇನೆ, ಉಪ್ಪು ನೀವೇ ಹಾಕಿಕೊಳ್ಳಿ” ಎಂದರು. ಅಂದಿನಿಂದ ಅರ್ಧ ಸಿಹಿ, ಅರ್ಧ ಖಾರದ್ದು. ಜೀರಿಗೆಯದೇ ಮೊದಲು ಖಾಲಿಯಾಗುವುದು.

ಒಣ ಹಿಟ್ಟನ್ನು ಬಾಯಿಗೆ ಹಾಕಿಕೊಳ್ಳಬೇಡಿ. ಎತ್ತರದ ಒಣಗಾಳಿಯಲ್ಲಿ ಕೆಮ್ಮು ಹತ್ತಿದರೆ ನಿಲ್ಲುವುದು ಕಷ್ಟ. ನಾರು ಹೆಚ್ಚಿರುವುದರಿಂದ ನೀರು ಕಡಿಮೆಯಾದರೆ ಮಲಬದ್ಧತೆ ಖಚಿತ. ನಾನು ದಿನಕ್ಕೆ ಮೂರೂವರೆ ಲೀಟರ್ ಕುಡಿಯುತ್ತೇನೆ. ಹಸಿವಿಲ್ಲದಿರುವುದು ಎತ್ತರದಲ್ಲಿ ಸಾಮಾನ್ಯ. ಆದರೆ ತಲೆನೋವಿನ ಜೊತೆ ವಾಂತಿಯೂ ಶುರುವಾದರೆ ಯಾವ ಆಹಾರವೂ ಮದ್ದಲ್ಲ. ಮೇಲೇರುವುದನ್ನು ನಿಲ್ಲಿಸಬೇಕು, ಕಡಿಮೆಯಾಗದಿದ್ದರೆ ಇಳಿಯಬೇಕು.

ಹೊರಡುವುದಕ್ಕೆ ಒಂದು ತಿಂಗಳು ಮುಂಚೆ ಸಾವನದುರ್ಗ ಹತ್ತುವಾಗ ಬೆಳಗಿನ ತಿಂಡಿಗೆ ಇದನ್ನೇ ಕುಡಿದು ನೋಡಿ. ಹೊಟ್ಟೆಗೆ ಒಗ್ಗದವರಿಗೆ ಅಲ್ಲೇ ತಿಳಿಯುತ್ತದೆ. ಅರ್ಧ ಕಿಲೋಗೆ ಈಗ 180 ರೂಪಾಯಿ. ಅಂಗಡಿಯಲ್ಲಿ ದಾಸ್ತಾನು ಇಡುವುದಿಲ್ಲ, ಹೇಳಿದ ಮೇಲೆಯೇ ಹುರಿಯುತ್ತಾರೆ. ಹತ್ತು ದಿನ ಮೊದಲೇ ಹೇಳಿಡಿ.