ಪಾಸ್‌ಬುಕ್ಕಿನ ಮೊದಲ ಪುಟಕ್ಕೆ ಐದರಲ್ಲಿ ನಾಲ್ಕು

ತಿಪಟೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಬೋರ್ಡಿನಲ್ಲಿ ಜೆರಾಕ್ಸ್ ಅಂತಿದ್ದರೂ ಅಂಗಡಿ ನಡೆಯುವುದು ಆನ್‌ಲೈನ್ ಅರ್ಜಿಗಳಿಂದ. ಕೊಬ್ಬರಿ ಬೆಂಬಲ ಬೆಲೆಗೆ ನೋಂದಣಿ ಶುರುವಾದರೆ, ಇಲ್ಲವೇ ವಿದ್ಯಾರ್ಥಿವೇತನದ ಕೊನೇ ದಿನ ಹತ್ತಿರ ಬಂದರೆ, ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೂ ಜಾಗ ಇರುವುದಿಲ್ಲ. ಅರ್ಜಿ ಯಾವುದೇ ಇರಲಿ, ಕೊನೆಗೆ ನಾನು ಕೇಳುವುದು ಒಂದೇ ಮಾತು: "ಅಕೌಂಟ್ ನಂಬರ್ ಕೊಡಿ." ಹಾಗಾಗಿ ಊರಲ್ಲಿರುವ ಅಷ್ಟೂ ಬ್ಯಾಂಕುಗಳ ಪಾಸ್‌ಬುಕ್ಕು, ಚೆಕ್ಕು, ಆಪು ನನ್ನ ಕೈ ದಾಟಿಯೇ ಹೋಗುತ್ತವೆ. ಬಡ್ಡಿ ಎಷ್ಟು, ಕೌಂಟರಿನವರು ನಕ್ಕು ಮಾತಾಡುತ್ತಾರಾ ಅನ್ನುವುದನ್ನು ಬೇರೆ ಯಾರಾದರೂ ಬರೆಯಲಿ. ಖಾತೆ ಯಾರದೋ ಅವರಿಗೆ ತಮ್ಮ ನಂಬರು ಎಷ್ಟು ಬೇಗ ಸಿಗುತ್ತದೆ, ಸಿಕ್ಕಿದ್ದು ಅದೇ ಹೌದಾ ಎಂದು ನೋಡಿದ ಕೂಡಲೇ ತಿಳಿಯುತ್ತದಾ, ನನಗೆ ಇಷ್ಟೇ ಮುಖ್ಯ. ಆ ವಿಷಯದಲ್ಲಿ ಪಾಸ್‌ಬುಕ್ಕಿನ ಮೊದಲ ಪುಟವನ್ನು ಮೀರಿಸಿದ್ದು ಇನ್ನೂ ಬಂದಿಲ್ಲ.

ಹೆಸರು, ವಿಳಾಸ, ಶಾಖೆ, ಖಾತೆ ಸಂಖ್ಯೆ, ಗ್ರಾಹಕ ಸಂಖ್ಯೆ (ಸಿಐಎಫ್), ಐಎಫ್‌ಎಸ್‌ಸಿ (ದುಡ್ಡು ಕಳಿಸುವಾಗ ಬ್ಯಾಂಕು, ಶಾಖೆ ಯಾವುದೆಂದು ಹೇಳುವ ಕೋಡು), ಎಂಐಸಿಆರ್ (ಚೆಕ್ಕಿನ ಮೇಲಿರುವ ಶಾಖೆಯ ಕೋಡು), ಜೊತೆಗೆ ಫೋಟೋ, ಮೇಲೆ ಶಾಖೆಯ ಸೀಲು. ನನಗೆ ಬೇಕಾದ್ದೆಲ್ಲ ಒಂದೇ ಪುಟದಲ್ಲಿದೆ. ಚಾರ್ಜ್ ಬೇಡ, ನೆಟ್‌ವರ್ಕ್ ಬೇಡ, ಪಾಸ್‌ವರ್ಡ್ ಮರೆಯುವ ಪ್ರಶ್ನೆ ಇಲ್ಲ. ತೊಂದರೆ ಏನೆಂದರೆ, ಯಾವ ನಂಬರು ಯಾವುದಕ್ಕೆ ಅಂತ ಆ ಪುಟ ಹೇಳುವುದಿಲ್ಲ. ಮೊನ್ನೆ ಒಬ್ಬರು ಅಜ್ಜಿ ಬಂದು, "ಇದೇ ಕಣವ್ವಾ ನಂಬರು, ಬರ್ಕೋ" ಅಂತ ಬೆರಳಿಟ್ಟು ತೋರಿಸಿದರು. ಬೆರಳಿದ್ದದ್ದು ಸಿಐಎಫ್ ಮೇಲೆ. ಸಿಐಎಫ್ ಅಂದರೆ ಬ್ಯಾಂಕು ಆ ಮನುಷ್ಯರಿಗೆ ಕೊಟ್ಟಿರುವ ಗುರುತು. ಉಳಿತಾಯ, ಎಫ್‌ಡಿ, ಚಿನ್ನದ ಸಾಲ ಎಲ್ಲ ಸೇರಿಸಿ ಒಬ್ಬರಿಗೆ ಒಂದೇ. ದುಡ್ಡು ಅದಕ್ಕೆ ಬರುವುದಿಲ್ಲ, ಖಾತೆ ಸಂಖ್ಯೆಗೆ ಬರುತ್ತದೆ. ಸ್ಟೇಟ್ ಬ್ಯಾಂಕಿನಲ್ಲಿ ಸಿಐಎಫ್ ಕೂಡ 11 ಅಂಕಿ, ಖಾತೆ ಸಂಖ್ಯೆ ಕೂಡ 11 ಅಂಕಿ. ಸಾಲದ್ದಕ್ಕೆ ಖಾತೆ ಸಂಖ್ಯೆಯ ಶುರುವಿನಲ್ಲಿ ಆರು ಸೊನ್ನೆ ಸೇರಿ 17 ಅಂಕಿಯಾಗಿ ಅಚ್ಚಾಗಿರುವುದೂ ಉಂಟು. ಅರ್ಜಿಯಲ್ಲಿ ಆ ಸೊನ್ನೆಗಳನ್ನು ಬಿಟ್ಟು 11 ಹಾಕಬೇಕು. ಹಾಗಂತ ಎಲ್ಲ ಬ್ಯಾಂಕಿನಲ್ಲೂ ಶುರುವಿನ ಸೊನ್ನೆ ಬಿಡುವ ಹಾಗಿಲ್ಲ. ಕೆನರಾದ ಹಳೇ 13 ಅಂಕಿಯ ಸಂಖ್ಯೆ ಸೊನ್ನೆಯಿಂದ ಶುರುವಾಗಿದ್ದರೆ ಆ ಸೊನ್ನೆಯೂ ಲೆಕ್ಕಕ್ಕುಂಟು.

ಆ 13 ಅಂಕಿಯ ಸಂಖ್ಯೆ ನನಗೆ ಬಹಳ ಇಷ್ಟ, ಯಾಕೆಂದರೆ ಅದನ್ನು ಓದಬಹುದು. ಮೊದಲ ನಾಲ್ಕು ಶಾಖೆಯದು, ಮುಂದಿನ ಮೂರು ಖಾತೆಯ ಬಗೆ (101 ಇದ್ದರೆ ಉಳಿತಾಯ), ಕೊನೆಯ ಆರು ನಿಮ್ಮದು. ಖಾತೆ ಬೇರೆ ಶಾಖೆಗೆ ಹೋಗಿಲ್ಲವಾದರೆ ಐಎಫ್‌ಎಸ್‌ಸಿಯ ಕೊನೇ ನಾಲ್ಕು ಅಂಕಿಯೂ ಅದೇ ಶಾಖೆಯ ಸಂಖ್ಯೆ. ಎರಡನ್ನೂ ಹೋಲಿಸಿ ನೋಡಿದರೆ ಅಂಗಡಿಯಲ್ಲಿ ಕೂತಲ್ಲೇ ತಪ್ಪು ಹಿಡಿಯಬಹುದು. ಹೊಸದಾಗಿ ತೆರೆದ ಖಾತೆಗಳಲ್ಲಿ ಈ ಸುಖ ಹೋಗಿದೆ, ಬರೀ ಉದ್ದದ ಅಂಕಿ.

ಐಎಫ್‌ಎಸ್‌ಸಿ ಯಾವ ಬ್ಯಾಂಕಿನದಾದರೂ 11 ಅಕ್ಷರವೇ. ಮೊದಲ ನಾಲ್ಕು ಬ್ಯಾಂಕಿನ ಹೆಸರು: ಕೆನರಾ ಆದರೆ ಸಿಎನ್‌ಆರ್‌ಬಿ, ಸ್ಟೇಟ್ ಬ್ಯಾಂಕ್ ಆದರೆ ಎಸ್‌ಬಿಐಎನ್, ಕರ್ನಾಟಕ ಬ್ಯಾಂಕ್ ಆದರೆ ಕೆಎಆರ್‌ಬಿ. ಐದನೆಯದು ಯಾವಾಗಲೂ ಸೊನ್ನೆ. ಉಳಿದ ಆರು ಶಾಖೆಗೆ. ಅರ್ಜಿ ಕೆಡುವುದು ಆ ಐದನೆಯ ಜಾಗದಲ್ಲೇ. ಕಾಲೇಜು ಹುಡುಗನೊಬ್ಬ ಮನೆಯಲ್ಲೇ ಮೊಬೈಲಿನಲ್ಲಿ ಸ್ಕಾಲರ್‌ಶಿಪ್ ತುಂಬಲು ಕೂತು, ಎಷ್ಟು ಹೊಡೆದರೂ ತಪ್ಪು ಕೋಡ್ ಅಂತಲೇ ಬರುತ್ತಿದೆ ಎಂದು ನನ್ನ ಹತ್ತಿರ ಬಂದ. ಸೊನ್ನೆ ಇರಬೇಕಾದ ಕಡೆ ಇಂಗ್ಲಿಷಿನ 'ಓ' ಕೂತಿತ್ತು. ಪಾಸ್‌ಬುಕ್ ಪ್ರಿಂಟರಿನ ಚುಕ್ಕೆ ಚುಕ್ಕೆ ಅಕ್ಷರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಅವನದೇನು ತಪ್ಪು!

ನಮ್ಮ ಕಡೆ ಇದಕ್ಕಿಂತ ದೊಡ್ಡ ಗೋಜಲು ವಿಲೀನದ್ದು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್. ಕರ್ನಾಟಕದಲ್ಲೇ ಹುಟ್ಟಿದ ನಾಲ್ಕು ಬ್ಯಾಂಕುಗಳು ಮೂರು ವರ್ಷದೊಳಗೆ ಬೋರ್ಡ್ ಇಳಿಸಿದವು. ಬ್ಯಾಂಕು ಹೋದರೂ ಪಾಸ್‌ಬುಕ್ಕು ಬೀರುವಿನಲ್ಲಿ ಉಳಿದಿದೆ, ಜನ ಅದನ್ನೇ ತರುತ್ತಾರೆ. ಮೈಸೂರು ಬ್ಯಾಂಕಿನ ಕೋಡಿನಲ್ಲಿ ಎಸ್‌ಬಿಎಂವೈ ತೆಗೆದು ಎಸ್‌ಬಿಐಎನ್ ಹಾಕಿದರೆ ಸಾಮಾನ್ಯವಾಗಿ ಕೆಲಸ ಆಗುತ್ತದೆ, ಹಿಂದಿನ 0040 ಅಂತ ಶುರುವಾಗುವ ಶಾಖೆ ಅಂಕಿ ಹಾಗೇ ಉಳಿದಿರುತ್ತದೆ. ಸಿಂಡಿಕೇಟಿನದು ಸ್ವಲ್ಪ ಲೆಕ್ಕ: ಶಾಖೆಯ ಅಂಕಿಗೆ ಹತ್ತು ಸಾವಿರ ಕೂಡಿಸಿ ಮುಂದೆ ಕೆನರಾದ ನಾಲ್ಕು ಅಕ್ಷರ ಹಾಕಬೇಕು. ಹಳೇ ಎಸ್‌ವೈಎನ್‌ಬಿ ಕೋಡು 2021ರ ಜುಲೈ 1ರಿಂದ ನಡೆಯುವುದಿಲ್ಲ. ಕಾರ್ಪೊರೇಷನ್ ಶಾಖೆಗಳ ಕೋಡು ಯೂನಿಯನ್ ಬ್ಯಾಂಕಿನ ಯುಬಿಐಎನ್ 09 ಎಂದು ಶುರುವಾಗುತ್ತದೆ. ವಿಜಯಾದ್ದಕ್ಕೆ ಬ್ಯಾಂಕ್ ಆಫ್ ಬರೋಡಾದ ಬಿಎಆರ್‌ಬಿ, ಸೊನ್ನೆ, ಆಮೇಲೆ ವಿಜೆ. ಬರೋಡಾದವರು ಶಾಖೆಗೆ ಅಕ್ಷರ ಬಳಸುತ್ತಾರಾದ್ದರಿಂದ ಅಲ್ಲಿ 'ಓ' ಕೂಡ ಬರಬಹುದು. ಐದನೆಯದು ಮಾತ್ರ ಅಲ್ಲೂ ಸೊನ್ನೆಯೇ. ಇಷ್ಟೆಲ್ಲ ಗೊತ್ತಿದ್ದರೂ ನಾನು ಊಹೆಯ ಮೇಲೆ ಅರ್ಜಿ ಕಳಿಸುವುದಿಲ್ಲ. ಎಷ್ಟೋ ಶಾಖೆಗಳನ್ನು ಪಕ್ಕದ ಶಾಖೆಯ ಜೊತೆ ಸೇರಿಸಿದ್ದಾರೆ. ಶಾಖೆಗೆ ಹೋಗಿ ಹೊಸ ಪಾಸ್‌ಬುಕ್ ಮಾಡಿಸಿಕೊಂಡು ಬನ್ನಿ ಅಂತಲೇ ಹೇಳುತ್ತೇನೆ.

ಚೆಕ್ ಹಾಳೆಗೆ ಮೂರು ಅಂಕ. ಅಚ್ಚು ಸೊಗಸು, ಅಕ್ಷರ ಅಳಿಸುವುದಿಲ್ಲ. ಆದರೆ ಜನ ಓದುವುದು ಕೆಳಗಿನ ಸಾಲನ್ನು, ಅಲ್ಲಿ ಪೂರ್ತಿ ಖಾತೆ ಸಂಖ್ಯೆ ಇರುವುದಿಲ್ಲ. ಎಡಗಡೆಯ ಆರು ಅಂಕಿ ಚೆಕ್ಕಿನ ನಂಬರು. ಆಮೇಲಿನ ಒಂಬತ್ತು ಎಂಐಸಿಆರ್: ಮೂರು ಊರಿಗೆ, ಮೂರು ಬ್ಯಾಂಕಿಗೆ, ಮೂರು ಶಾಖೆಗೆ. ಬೆಂಗಳೂರಾದರೆ 560, ಮೈಸೂರಾದರೆ 570, ಪಿನ್ ಕೋಡಿನ ಮೊದಲ ಮೂರರ ಹಾಗೇ. ಸ್ಟೇಟ್ ಬ್ಯಾಂಕ್ 002, ಕೆನರಾ 015. ಅದರ ಪಕ್ಕದ ಆರು ಅಂಕಿ ಬ್ಯಾಂಕಿನ ಒಳಲೆಕ್ಕದ್ದು, ಕೊನೇ ಎರಡು ಖಾತೆ ಯಾವ ಬಗೆಯದು ಎನ್ನುವುದಕ್ಕೆ. ನಿಮಗೆ ಬೇಕಾದ ಪೂರ್ತಿ ಸಂಖ್ಯೆ ಇರುವುದು ಮೇಲೆ, ರೂಪಾಯಿ ಬರೆಯುವ ಸಾಲಿನ ಕೆಳಗಿನ ಚೌಕದಲ್ಲಿ.

ಎಟಿಎಂ ಕಾರ್ಡಿಗೆ ಅಂಕ ಕೊಡುವ ಪ್ರಶ್ನೆಯೇ ಇಲ್ಲ, ಅದರ 16 ಅಂಕಿ ಕಾರ್ಡಿನದು, ಖಾತೆಯದಲ್ಲ. ಆದರೂ ದಿನಕ್ಕೊಬ್ಬರಾದರೂ ಕಾರ್ಡ್ ಚಾಚುತ್ತಾರೆ, ಅದರ ಕವರಿನ ಮೇಲೆ ಪಿನ್ ಬರೆದಿರುತ್ತದೆ! ಖಾತೆ ಸಂಖ್ಯೆ ಹೇಳುವಾಗ ಮಾತ್ರ ಪಕ್ಕದವರಿಗೆ ಕೇಳದ ಹಾಗೆ ಪಿಸುಗುಟ್ಟುತ್ತಾರೆ. ದುಡ್ಡು ಹಾಕುವವರಿಗೆ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೊಡಲೇಬೇಕಲ್ಲವಾ? ಮುಚ್ಚಿಡಬೇಕಾದ್ದು ಪಿನ್ನು, ಓಟಿಪಿ, ಕಾರ್ಡಿನ ಹಿಂದಿನ ಮೂರು ಅಂಕಿ.

ಆಪುಗಳಿಗೆ ಎರಡೂವರೆ. ಯುಪಿಐ ಆಪಿನಲ್ಲಿ ಕಾಣುವುದು ಸಾಮಾನ್ಯವಾಗಿ ಕೊನೆಯ ನಾಲ್ಕು ಅಂಕಿ ಮಾತ್ರ. ಬ್ಯಾಂಕಿನ ಸ್ವಂತ ಆಪಿನಲ್ಲಿ ನಕ್ಷತ್ರಗಳ ಪಕ್ಕ ಕಣ್ಣಿನ ಚಿತ್ರ ಇರುತ್ತದೆ, ಒತ್ತಿದರೆ ಪೂರ್ತಿ ತೆರೆಯುತ್ತದೆ. ಅದು ಅಲ್ಲಿದೆ ಅಂತ ಗೊತ್ತಿದ್ದವರಿಗೆ ಸಲೀಸು. ಅಲ್ಲಿಂದ ನಕಲು ಮಾಡಿ ಅಂಟಿಸಿದರೆ ಒಂದು ಅಂಕಿಯೂ ತಪ್ಪುವುದಿಲ್ಲ, ಪಾಸ್‌ಬುಕ್ಕಿಗೆ ಈ ಅನುಕೂಲ ಇಲ್ಲ. ಅರ್ಧ ಅಂಕ ಅದಕ್ಕೇ.

ಅಂಕಿ ತಪ್ಪಿದರೆ ಏನಾಗುತ್ತದೆ ಅನ್ನುವುದನ್ನು ಎಲ್ಲರಿಗೂ ಹೇಳುತ್ತಿರುತ್ತೇನೆ. ಬ್ಯಾಂಕಿನಿಂದ ಬ್ಯಾಂಕಿಗೆ ದುಡ್ಡು ಕಳಿಸುವ ನೆಫ್ಟ್, ಆರ್‌ಟಿಜಿಎಸ್‌ನಲ್ಲಿ ದುಡ್ಡು ಜಮಾ ಆಗುವುದು ಖಾತೆ ಸಂಖ್ಯೆ ನೋಡಿ, ನೀವು ಬರೆದ ಹೆಸರು ನೋಡಿ ಅಲ್ಲ. ಸರಿಯಾದ ಸಂಖ್ಯೆ ಕೊಡುವ ಹೊಣೆ ಕಳಿಸುವವರದು ಎಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿದೆ. ಕಳಿಸುವ ಮೊದಲು ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಿ ಎಂದು ಬ್ಯಾಂಕುಗಳಿಗೆ ಸೂಚನೆ ಹೋಯಿತು. ಹೆಸರು ಕಂಡರೆ ಓದಿ, ಸುಮ್ಮನೆ ಮುಂದಿನ ಬಟನ್ ಒತ್ತಬೇಡಿ. ದೊಡ್ಡ ಮೊತ್ತ ಆದರೆ ಮೊದಲು ಒಂದು ರೂಪಾಯಿ ಹಾಕಿ ಫೋನ್ ಮಾಡಿ ಕೇಳಿ.

ಗೃಹಲಕ್ಷ್ಮಿಯ ಎರಡು ಸಾವಿರದ ದಾರಿಯೇ ಬೇರೆ. ಪಾಸ್‌ಬುಕ್ ಹಿಡಿದು ಬಂದು "ಅಕ್ಕಾ, ಈ ಖಾತೆಗೆ ಯಾಕೆ ಬಂದಿಲ್ಲ" ಅನ್ನುವವರಿಗೆ ನಾನು ಪಾಸ್‌ಬುಕ್ ನೋಡುವುದೇ ಇಲ್ಲ, ಆಧಾರ್ ಕೇಳುತ್ತೇನೆ. ಆ ದುಡ್ಡು ಆಧಾರ್ ಸಂಖ್ಯೆಯ ಹಿಂದೆ ಹೋಗುತ್ತದೆ. ಡಿಬಿಟಿಗೆ (ಸರ್ಕಾರದ ದುಡ್ಡು ನೇರ ಖಾತೆಗೆ ಬರುವುದಕ್ಕೆ) ಅಂತ ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿನಲ್ಲಿ ಜೋಡಣೆಯಾಗಿದೆಯೋ ಅಲ್ಲಿಗೆ. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಜೋಡಣೆ ನೋಡಿದರೆ ಬ್ಯಾಂಕಿನ ಹೆಸರು ಬರುತ್ತದೆ. ಎಷ್ಟೋ ಸಲ ಮಗಳ ಮದುವೆ ಹೊತ್ತಿಗೆ ತೆರೆದು ಮರೆತ ಖಾತೆಯಲ್ಲಿ ಕಂತುಗಳು ಸಾಲಾಗಿ ಕೂತಿರುತ್ತವೆ.

ಪಾಸ್‌ಬುಕ್ಕಿಗೆ ಒಂದು ಅಂಕ ಕಳೆದದ್ದು ಇಂಕಿನ ದೆಸೆಯಿಂದ. ಒಂದು ಬ್ಯಾಂಕಿನ ಶಾಖೆಯಲ್ಲಿ ರಿಬ್ಬನ್ ಸವೆದು ಹೋಗಿದೆ, 3 ಯಾವುದು 8 ಯಾವುದು ಅಂತ ಬೆಳಕಿಗೆ ಹಿಡಿದು ನೋಡಬೇಕು. ಸ್ಕ್ಯಾನ್ ಮಾಡಿದರೆ ಬರೀ ಬಿಳಿ ಹಾಳೆ. ಕೇಳಿದರೆ ಮೆಷಿನ್ ರಿಪೇರಿಗೆ ಬರೆದಿದ್ದೇವೆ ಅನ್ನುತ್ತಾರೆ. ಅಂಥ ಪುಟ ಉಳಿಸಿಕೊಳ್ಳೋಣ ಅಂತ ಕೆಲವರು ಲ್ಯಾಮಿನೇಷನ್ ಮಾಡಿಸಲು ನನ್ನ ಹತ್ತಿರ ತರುತ್ತಾರೆ. ನಾನು ಮಾಡಿಕೊಡುವುದಿಲ್ಲ. ರಟ್ಟು ದಪ್ಪವಾಯಿತೆಂದರೆ ಪುಸ್ತಕ ಪ್ರಿಂಟರಿನ ಬಾಯಿಗೆ ಹೋಗುವುದಿಲ್ಲ, ಕೆಲವು ಇಂಕು ಬಿಸಿಗೆ ಹರಡುತ್ತದೆ. ಹೊಸದಾಗಿ ಪ್ರಿಂಟ್ ಆದ ದಿನವೇ ಮೊದಲ ಪುಟದ ಎರಡು ಜೆರಾಕ್ಸ್ ತೆಗೆಸಿಡಿ. ಯಾರಿಗಾದರೂ ಕೊಡುವಾಗ ಏತಕ್ಕೆ ಕೊಟ್ಟದ್ದು ಅಂತ ಅಡ್ಡಲಾಗಿ ಬರೆದು ತಾರೀಕು ಹಾಕಿ.