ಸಿಕ್ಕಾ (ಮೊಹರು) ಬಿದ್ದ ಕಾಗದವೆಲ್ಲ ಪರ್ಮಿಶನ್ ಅಲ್ಲ: ವಿಜಯಪುರದ ನಮ್ಮ ಸಂಗೀತ ಹಬ್ಬಕ್ಕೆ ಆದದ್ದು

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಸಣ್ಣದೊಂದು ಸಂಗೀತ ಕಾರ್ಯಕ್ರಮ ಮಾಡುವ ಯೋಚನೆ ನಿಮಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. "ಪರ್ಮಿಶನ್ ನಾ ಕೊಡಸ್ತೀನಿ, ಪ್ರಚಾರನೂ ನಾನ ನೋಡ್ಕೋತೀನಿ" ಅನ್ನುವವರ ಕೈಗೆ ದುಡ್ಡು ಇಡುವ ಮುಂಚೆಯೇ ಓದಿ. ನಾವು ಐದು ಜನ ಗೆಳೆಯರು ಕಳೆದ ಡಿಸೆಂಬರ್‌ನಲ್ಲಿ ಇದೇ ಮಾತು ನಂಬಿ 67,800 ರೂಪಾಯಿ ಕಳೆದುಕೊಂಡೆವು. ದುಡ್ಡಿಗಿಂತ ಜಾಸ್ತಿ ನೋವು ಕೊಟ್ಟದ್ದು ಬೇರೆ ಇದೆ, ಅದನ್ನೂ ಹೇಳುತ್ತೇನೆ.

ನಮ್ಮದು ಪ್ರಯೋಗ ಸಂಗೀತ. ರಾಗ, ತಾಳ, ಪದ ಇರಲೇಬೇಕು ಅಂತಿಲ್ಲ, ಸದ್ದನ್ನೇ ಸಂಗೀತವಾಗಿ ಕೇಳುವುದು. ಇಳಕಲ್ಲಿನ ನೇಕಾರರೊಬ್ಬರ ಮನೆಯಲ್ಲಿ ಮೂರು ದಿನ ಕೂತು ಅವರ ಕುಣಿಮಗ್ಗದ ಸದ್ದು ಹಿಡಿದಿದ್ದೆವು. ಮುಟ್ಟಿದ ವಸ್ತುವಿನ ಕಂಪನವನ್ನೇ ಮೈಕಿನಂತೆ ಹಿಡಿಯುವ, ಒಂದು ರೂಪಾಯಿ ನಾಣ್ಯದಷ್ಟು ಅಗಲದ ಪೀಜೋ ಡಿಸ್ಕನ್ನು ಮಗ್ಗದ ಮರಕ್ಕೆ ಟೇಪಿನಿಂದ ಅಂಟಿಸಿ ರೆಕಾರ್ಡರಿಗೆ ಜೋಡಿಸಿದರೆ ಸಾಕು, ಲಾಳಿ ಓಡುವುದು, ಹಲಗೆ ಬಡಿಯುವುದು, ಮರ ನರಳುವುದು ಎಲ್ಲ ಹತ್ತಿರದಿಂದ ಕೇಳುತ್ತದೆ. ಇನ್ನೊಬ್ಬರು ಹಾರ್ಮೋನಿಯಂನ ಸ್ವರದ ಮನೆ ಮುಟ್ಟದೆ, ಬರೀ ತಿದಿಯ ಉಸಿರಾಟದ ಮೇಲೆ ಇಪ್ಪತ್ತು ನಿಮಿಷ ನುಡಿಸುವವರಿದ್ದರು. ಎಲ್ಲಕ್ಕಿಂತ ನನಗೆ ಆಸೆ ಇದ್ದದ್ದು ಚೌಡಿಕೆ ಅನ್ನುವ ಒಂದೇ ತಂತಿಯ ವಾದ್ಯದ ಮೇಲೆ. ಎಲ್ಲಮ್ಮನ ಪದ ಹಾಡುವ ಹಿರಿಯ ತಾಯಿಯೊಬ್ಬರು ಚೌಡಿಕೆ ಮೀಟುತ್ತಾರೆ, ಬೆಂಗಳೂರಿನ ಹುಡುಗಿಯೊಬ್ಬಳು ಅದರ ಕೆಳಗೆ ಎಲೆಕ್ಟ್ರಾನಿಕ್ ಶ್ರುತಿಯನ್ನು ಉದ್ದಕ್ಕೆ ಹಿಡಿಯುತ್ತಾಳೆ ಅಂತ ತಿಂಗಳುಗಟ್ಟಲೆ ತಾಲೀಮು ನಡೆದಿತ್ತು.

ಜಾಗ ಎಲ್ಲಿ ಅಂತ ಬಂದಾಗ ಎಲ್ಲರ ಬಾಯಲ್ಲೂ ಬಂದದ್ದು ಬಾರಾ ಕಮಾನ್. ಗೋಲಗುಂಬಜದೊಳಗೆ ಒಂದು ಚಪ್ಪಾಳೆ ಹಲವು ಸಲ ತಿರುಗಿ ಬರುತ್ತದೆ, ಅಲ್ಲಿ ಒಂದು ಸದ್ದಿನ ಮೇಲೆ ಇನ್ನೊಂದು ಬಿದ್ದು ಎಲ್ಲ ಕಲಸಿಹೋಗುತ್ತದೆ. ಬಾರಾ ಕಮಾನ್ ಹಾಗಲ್ಲ. ಎರಡನೇ ಅಲಿ ಆದಿಲ್ ಶಾಹನ ಗೋರಿ ಅದು, ಪೂರ್ತಿಯಾಗದೆ ಉಳಿದದ್ದು. ಸುತ್ತ ಕಪ್ಪು ಕಲ್ಲಿನ ಕಮಾನು, ಮೇಲೆ ಬರೀ ಆಕಾಶ. ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ ಎರಡನೇ ಇಬ್ರಾಹಿಂ ಆದಿಲ್ ಶಾಹ ಆಳಿದ ಊರಿದು. ಇಲ್ಲಿ ಅಲ್ಲದೆ ಇನ್ನೆಲ್ಲಿ ಅಂತ ನಮಗೆ ಅನ್ನಿಸಿತ್ತು.

ಆಗ ಪರಿಚಯದವರ ಮೂಲಕ ಒಬ್ಬರು ಸಿಕ್ಕರು. ಹೆಸರು ಬರೆಯುವುದಿಲ್ಲ, ದೂರು ಕೊಟ್ಟಿದ್ದೇವೆ. ಮೊಬೈಲಿನ ತುಂಬ ದೊಡ್ಡ ದೊಡ್ಡ ವೇದಿಕೆಗಳ ಫೋಟೊ ಇತ್ತು. ಅವು ತಾವೇ ಮಾಡಿದ ಕಾರ್ಯಕ್ರಮ ಅಂದರು. ಯಾರ ಕಾರ್ಯಕ್ರಮ, ಅವರ ಫೋನ್ ನಂಬರ್ ಕೊಡ್ತೀರಾ ಅಂತ ನಾವು ಕೇಳಲಿಲ್ಲ. "ಚಿಂತಿ ಬಿಡ್ರಿ ಸರ್, ಬಾರಾ ಕಮಾನ್ ನಿಮ್ಮದು ಅಂತ ತಿಳ್ಕೋರಿ" ಅಂದರು. ಪರ್ಮಿಶನ್ ಖರ್ಚಿಗೆ ಅಂತ 35,000, ಪ್ರಚಾರಕ್ಕೆ ಅಂತ 20,000 ತಗೊಂಡರು. ಒಂದಕ್ಕೂ ರಸೀದಿ ಇಲ್ಲ.

ಎರಡು ವಾರದ ಮೇಲೆ ವಾಟ್ಸಾಪಿನಲ್ಲಿ ಒಂದು ಕಾಗದದ ಫೋಟೊ ಬಂತು. "ಆತು ಸರ್, ಪೋಸ್ಟರ್ ಬಿಡ್ರಿ" ಅಂತ ಕೆಳಗೆ ಬರೆದಿದ್ದರು. ಆ ಫೋಟೊ ಈಗಲೂ ನನ್ನ ಹತ್ತಿರ ಇದೆ. ಅದು ನಾವೇ ಬರೆದ ಅರ್ಜಿ. ಕೆಳಗೆ ನಮ್ಮದೇ ಸಹಿ. ಮೇಲಿನ ಮೂಲೆಯಲ್ಲಿ ನೇರಳೆ ಶಾಯಿಯ ದುಂಡು ಸಿಕ್ಕಾ, ಅದರ ನಡುವೆ ಪೆನ್ನಿನಲ್ಲಿ ಬರೆದ ತಾರೀಖು, ಪಕ್ಕದಲ್ಲೊಂದು ನಂಬರು. ಸಿಕ್ಕಾ ಕಂಡಿದ್ದೇ ನಮಗೆ ಖುಷಿ ಆಗಿಹೋಯಿತು. ಐದು ಜನರಲ್ಲಿ ಒಬ್ಬರೂ ಅದರಲ್ಲಿ ಏನು ಬರೆದಿದೆ ಅಂತ ದೊಡ್ಡದು ಮಾಡಿ ಓದಲಿಲ್ಲ.

ಅದೇ ದಿನ ಪೋಸ್ಟರ್ ಬಿಟ್ಟೆವು. ಬೆಂಗಳೂರಿನ ಕಲಾವಿದರು ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡಿಸಿದರು.

ಕಾರ್ಯಕ್ರಮಕ್ಕೆ ಒಂಬತ್ತು ದಿನ ಇದೆ ಅನ್ನುವಾಗ ಮೈಕಿನ ಅನುಮತಿಗೆ ಪೊಲೀಸ್ ಠಾಣೆಗೆ ಹೋದೆವು. ಅಲ್ಲಿ ಜಾಗದವರ ಒಪ್ಪಿಗೆ ಪತ್ರ ಕೇಳಿದರು. ನಾವು ಮೊಬೈಲ್ ತೆಗೆದು ಫೋಟೊ ತೋರಿಸಿದೆವು. ಅಲ್ಲಿದ್ದ ಹಿರಿಯ ಪೇದೆಯೊಬ್ಬರು ಚಷ್ಮಾ ಸರಿಮಾಡಿಕೊಂಡು ಎರಡು ಸಲ ಓದಿದರು. "ಇದು ಪರ್ಮಿಶನ್ ಅಲ್ರೀ ತಮ್ಮಾ. ನಿಮ್ಮ ಅರ್ಜಿ ಮುಟ್ಟೇತಿ ಅಂತ ಹೊಡದ ಸಿಕ್ಕಾ ಇದು. ಇನ್‌ವರ್ಡ್ ನಂಬರ್ ಐತಲ್ಲ, ನೋಡ್ರಿ" ಅಂದರು. ಬೈಯಲಿಲ್ಲ, ಮೆಲ್ಲಗೆ ಹೇಳಿದರು. ನನ್ನ ಕೈಕಾಲು ತಣ್ಣಗಾದವು.

ಅಲ್ಲಿಂದ ಸೀದಾ ಬಾರಾ ಕಮಾನಿಗೆ ಹೋದೆವು. ಸ್ಮಾರಕದ ಮುಂದೆ ಪುರಾತತ್ವ ಇಲಾಖೆಯ ನೀಲಿ ಬೋರ್ಡು ಇರುತ್ತದಲ್ವಾ, ಚಿಕ್ಕಂದಿನಿಂದ ನೋಡಿದ್ದು, ಒಮ್ಮೆಯೂ ಓದಿರಲಿಲ್ಲ. ಸಂರಕ್ಷಿತ ಸ್ಮಾರಕದಲ್ಲಿ ಸಭೆ, ಸಮಾರಂಭ, ಮನರಂಜನೆ ಯಾವುದಕ್ಕೂ ಕೇಂದ್ರ ಸರ್ಕಾರದ ಲಿಖಿತ ಅನುಮತಿ ಇರಲೇಬೇಕು. 1959ರ ನಿಯಮಗಳಲ್ಲೇ ಇದೆ. ಊರಿನ ಯಾರೋ ಒಬ್ಬರು ಫೋನಿನಲ್ಲಿ ಮಾತಾಡಿ ಕೊಡಿಸುವಂಥದ್ದಲ್ಲ ಇದು. ಅಲ್ಲಿಯ ಸಿಬ್ಬಂದಿಯದು ಏನೂ ತಪ್ಪಿಲ್ಲ, ಆ ಕಲ್ಲುಗಳನ್ನು ಕಾಯುವುದೇ ಅವರ ಕೆಲಸ. ಆ ಮನುಷ್ಯನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್.

ಇನ್ನೊಂದು ಮೋಸ ಆ ರಾತ್ರಿ ಗೊತ್ತಾಯಿತು. ಪೋಸ್ಟರಿನ ವಿನ್ಯಾಸ ಅವರೇ ಮಾಡಿಸಿದ್ದರು. ಅದರ ಮೇಲಿದ್ದ ಕ್ಯೂಆರ್ ಕೋಡನ್ನು ನಾವು ಒಮ್ಮೆಯೂ ಸ್ಕ್ಯಾನ್ ಮಾಡಿ ನೋಡಿರಲಿಲ್ಲ. ನೋಡಿದರೆ ಅವರದೇ ಖಾತೆ. ಒಬ್ಬರಿಗೆ 200 ರೂಪಾಯಿಯಂತೆ 64 ಟಿಕೆಟ್ ಮಾರಾಟವಾಗಿತ್ತು. ಆ 12,800 ರೂಪಾಯಿ ನೇರವಾಗಿ ಅಲ್ಲಿಗೆ ಹೋಗಿತ್ತು. ಯಾರು ಕೊಂಡರು ಅನ್ನುವ ಪಟ್ಟಿಯೂ ಅವರ ಹತ್ತಿರವೇ. ದಯವಿಟ್ಟು ಪೋಸ್ಟರ್ ಅಚ್ಚಿಗೆ ಕೊಡುವ ಮುಂಚೆ ನಿಮ್ಮ ಮೊಬೈಲಿನಿಂದಲೇ ಒಂದು ರೂಪಾಯಿ ಹಾಕಿ ನೋಡಿ. ಯಾರ ಹೆಸರು ಬರುತ್ತದೆ, ನಿಮ್ಮ ಖಾತೆಗೆ ಬಂತಾ ಅಂತ ಖಾತ್ರಿ ಮಾಡಿಕೊಳ್ಳಿ. ಟಿಕೆಟ್ ಕೊಂಡವರ ಹೆಸರು, ನಂಬರು ದಿನಾ ಸಂಜೆ ನಿಮ್ಮ ವಹಿಯಲ್ಲಿ ಬರೆದಿಡಿ. ಈ ಪಟ್ಟಿ ಯಾಕೆ ಮುಖ್ಯ ಅಂತ ಮುಂದೆ ಹೇಳುತ್ತೇನೆ.

ಒಂಬತ್ತು ದಿನದಲ್ಲಿ ಜಾಗ ಹುಡುಕಿದೆವು. ಕಲ್ಯಾಣ ಮಂಟಪಗಳೆಲ್ಲ ಮದುವೆಗೆ ಬುಕ್ ಆಗಿದ್ದವು. ಒಂದು ಬಯಲು ಸಿಕ್ಕಿತು, ಪಕ್ಕದಲ್ಲೇ ಆಸ್ಪತ್ರೆ. ಆಸ್ಪತ್ರೆ, ಶಾಲೆ, ಕೋರ್ಟು ಇವುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅಂತ ಸರ್ಕಾರ ಘೋಷಿಸಿದ್ದರೆ ಅಲ್ಲಿ ಧ್ವನಿವರ್ಧಕ ಹಚ್ಚುವ ಮಾತೇ ಬರುವುದಿಲ್ಲ. ಕೊನೆಗೆ ಗೆಳೆಯನ ಸೋದರಮಾವ ಟಿಕೋಟಾ ಕಡೆಯ ತಮ್ಮ ಮಣೂಕ (ಒಣದ್ರಾಕ್ಷಿ) ಒಣಗಿಸುವ ಶೆಡ್ಡು ಬಿಟ್ಟುಕೊಟ್ಟರು. ದ್ರಾಕ್ಷಿ ಕಟಾವಿಗೆ ಇನ್ನೂ ಸಮಯ ಇತ್ತು, ಶೆಡ್ಡು ಖಾಲಿ ಇತ್ತು. ಅವರ ಒಪ್ಪಿಗೆ ಪತ್ರ ಹಿಡಿದು ಮತ್ತೆ ಠಾಣೆಗೆ ಹೋಗಿ, ಈ ಸಲ ಸರಿಯಾದ ಅನುಮತಿ ಪಡೆದೆವು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ ಅಂತ 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿದೆ. ಅದಕ್ಕೆ ಒಂಬತ್ತೂವರೆಗೇ ಮುಗಿಸುವುದು ಅಂತ ನಿಗದಿ ಮಾಡಿದೆವು. ನಮ್ಮ ಥರದ ಸಂಗೀತದಲ್ಲಿ ತಗ್ಗು ಸ್ವರ ಜಾಸ್ತಿ. ಅದು ಗೋಡೆ ದಾಟಿ ದೂರ ಹೋಗುತ್ತದೆ. ಆದ್ದರಿಂದ ಹಿಂದಿನ ದಿನ ಸುತ್ತಲಿನ ತೋಟದ ಮನೆಗಳಿಗೆಲ್ಲ ಹೋಗಿ ಹೇಳಿಬಂದೆವು.

ಜಾಗ ಬದಲಾಗಿದೆ ಅಂತ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದೆವು. ಆದರೆ ಟಿಕೆಟ್ ಕೊಂಡವರ ಪಟ್ಟಿಯೇ ನಮ್ಮಲ್ಲಿ ಇರಲಿಲ್ಲವಲ್ಲ. ಇಬ್ಬರು ಹುಡುಗರನ್ನು ಬಾರಾ ಕಮಾನಿನ ಗೇಟಿನ ಹತ್ತಿರ ನಿಲ್ಲಿಸಿದೆವು.

ಆ ಸಂಜೆ ಬಾಗಲಕೋಟೆಯಿಂದ ಬಸ್ಸಿನಲ್ಲಿ ವಯಸ್ಸಾದ ಗಂಡ ಹೆಂಡತಿ ಬಂದಿದ್ದರು. ಅಜ್ಜಿಯ ಕೈಯಲ್ಲಿ ರೊಟ್ಟಿ ಬುತ್ತಿ ಇತ್ತಂತೆ. "ಚೌಡಕಿ ಐತಿ ಅಂತ ಮೊಮ್ಮಗಳು ಮೊಬೈಲಿನಾಗ ತೋರಿಸಿದ್ಳಪಾ. ಸಣ್ಣಾಕಿ ಇದ್ದಾಗ ಕೇಳಿದ್ದು" ಅಂದರಂತೆ. ನಮ್ಮ ಹುಡುಗ ಕಾರು ಕಳಿಸಿ ಅಂತ ನಮಗೆ ಫೋನ್ ಮಾಡಿದ. ಇದ್ದ ಒಂದೇ ಕಾರು ಸ್ಪೀಕರ್ ತರಲು ಹೋಗಿತ್ತು. ಕತ್ತಲಾಗುತ್ತಿತ್ತು. ವಾಪಸ್ ಹೋಗುವ ಬಸ್ಸು ತಪ್ಪೀತು ಅಂತ ಅವರು ಹೊರಟೇಬಿಟ್ಟರು. ಅವರ ನಂಬರು ತಗೊಳ್ಳುವುದು ಆ ಹುಡುಗನಿಗೂ ಹೊಳೆಯಲಿಲ್ಲ.

ಶೆಡ್ಡಿನಲ್ಲಿ 31 ಜನ ಇದ್ದರು. ಚೌಡಿಕೆ ಚೆನ್ನಾಗಿ ಬಂತು, ನಿಜವಾಗಿ ತುಂಬ ಚೆನ್ನಾಗಿ ಬಂತು. ಇಳಕಲ್ಲಿನ ಆ ನೇಕಾರರು ತಮ್ಮ ಮಗ್ಗದ ಸದ್ದು ಕತ್ತಲಲ್ಲಿ ಕೇಳಿ, ಮುಗಿದ ಮೇಲೂ ಎದ್ದೇಳದೆ ಕೂತಿದ್ದರು. ಆದರೆ ನನಗೆ ಇಡೀ ಹೊತ್ತು ಗೇಟಿನ ಹತ್ತಿರ ಬುತ್ತಿ ಹಿಡಿದು ನಿಂತ ಆ ಇಬ್ಬರೇ ಕಣ್ಣ ಮುಂದೆ ಬರುತ್ತಿದ್ದರು.

ಮೋಸ ಗೊತ್ತಾದ ತಕ್ಷಣ 1930ಕ್ಕೆ ಫೋನ್ ಮಾಡಿ. ಆನ್‌ಲೈನ್ ಹಣದ ಮೋಸಕ್ಕೆ ಅಂತಲೇ ಇರುವ ಸಹಾಯವಾಣಿ ಅದು. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಹಿಡಿಯುವುದು ಅಷ್ಟು ಸುಲಭ. ನಾವು ಕಾರ್ಯಕ್ರಮ ಮುಗಿಯಲಿ, ಹೆಸರು ಕೆಡೋದು ಬೇಡ ಅಂತ ಸುಮ್ನೆ ಕಾದೆವು. ಫೋನ್ ಮಾಡುವಷ್ಟರಲ್ಲಿ ಖಾತೆ ಖಾಲಿಯಾಗಿತ್ತು.

ಮತ್ತೆ ಮಾಡಿದರೆ ನಾನು ಮೊದಲು ಮಾಡುವುದು ಇಷ್ಟು. ಅರ್ಜಿ ನಾವೇ ಹೋಗಿ ಕೊಡುವುದು. ಶುಲ್ಕ ಇದ್ದರೆ ಕಚೇರಿಗೇ ಕಟ್ಟಿ ರಸೀದಿ ಪಡೆಯುವುದು. 'ಅನುಮತಿ ನೀಡಲಾಗಿದೆ' ಅನ್ನುವ ಮಾತು, ನಮ್ಮ ಕಾರ್ಯಕ್ರಮದ ತಾರೀಖು, ಅಧಿಕಾರಿಯ ಸಹಿ ಮೂರೂ ಒಂದೇ ಕಾಗದದಲ್ಲಿ ಕಾಣುವವರೆಗೆ ಜಾಗದ ಹೆಸರು ಯಾರಿಗೂ ಹೇಳದಿರುವುದು. ಪ್ರಚಾರ ತಡವಾದರೆ ಆಗಲಿ. ನಾಲ್ಕು ದಿನ ಮೊದಲು ಹೇಳಿದರೂ ಬರುವ 30 ಜನ ಬಂದೇ ಬರುತ್ತಾರೆ. ಅದನ್ನು ಕಣ್ಣಾರೆ ನೋಡಿದ್ದೇನೆ.

ಟಿಕೆಟ್ ಕೊಂಡವರಲ್ಲಿ 57 ಜನರಿಗೆ ನಮ್ಮ ಕೈಯಿಂದ ಹಣ ವಾಪಸ್ ಕೊಟ್ಟಿದ್ದೇವೆ. 7 ಜನ ಇನ್ನೂ ಸಿಕ್ಕಿಲ್ಲ. ಬಾಗಲಕೋಟೆಯ ಆ ಅಜ್ಜ ಅಜ್ಜಿಯೂ ಆ ಏಳರಲ್ಲೇ ಇರಬೇಕು. ಮೊಬೈಲಿನಲ್ಲಿ ಪೋಸ್ಟರ್ ತೋರಿಸಿದ ಮೊಮ್ಮಗಳು ಇದನ್ನು ಓದುತ್ತಿದ್ದರೆ ದಯವಿಟ್ಟು ನನಗೆ ಬರಿಯಮ್ಮ. ದುಡ್ಡು ಕೊಡುವುದಿದೆ. ಚೌಡಿಕೆಯ ಪೂರ್ತಿ ರೆಕಾರ್ಡಿಂಗನ್ನೂ ಅವರಿಗೆ ಅಂತ ತೆಗೆದಿಟ್ಟಿದ್ದೇನೆ.