ಮಣ್ಣು ಮೆತ್ತಿದ್ದೋ, ತೊಳೆದದ್ದೋ, ಮೊಳೆತದ್ದೋ? ಕುಂಡಕ್ಕೆ ಹಾಕಲು ಅಂಗಡಿಯ ಯಾವ ಶುಂಠಿ ಸರಿ

ಮುಂಬೈ, ಪುಣೆಯ ಫ್ಲ್ಯಾಟುಗಳಲ್ಲಿ ಶುಂಠಿ ಬೆಳೆಯುವವರು ಬಿತ್ತನೆ ಗಡ್ಡೆ ಹುಡುಕಿಕೊಂಡು ಹೋಗುವುದಿಲ್ಲ. ಚಹಾಕ್ಕೆಂದು ತಂದದ್ದರಲ್ಲೇ ಒಂದು ತುಂಡು ಕುಂಡಕ್ಕೆ ಬೀಳುತ್ತದೆ. ಅದರಲ್ಲೇನೂ ತಪ್ಪಿಲ್ಲ, ಆದರೆ ಅಂಗಡಿಯ ಶುಂಠಿಯೆಲ್ಲ ಒಂದೇ ಅಲ್ಲ. ಸೂಪರ್ ಮಾರ್ಕೆಟಿನ ತೊಳೆದ ಶುಂಠಿ, ದಾದರ್ ಮಾರ್ಕೆಟಿನಲ್ಲೋ ಪುಣೆಯ ಮಾರ್ಕೆಟ್ ಯಾರ್ಡಿನಲ್ಲೋ ಸಿಗುವ ಮಣ್ಣು ಮೆತ್ತಿದ ಶುಂಠಿ, ಅಡುಗೆಮನೆಯ ಬುಟ್ಟಿಯಲ್ಲಿ ಬಾಡಿ ತಾನೇ ಮೊಳೆತದ್ದು: ಈ ಮೂರನ್ನೂ ಒಂದೇ ಮಣ್ಣು, ಒಂದೇ ಬಿಸಿಲಲ್ಲಿ ಬೆಳೆಸಿ ನೋಡಿದಾಗ ಕಂಡದ್ದು ಇಲ್ಲಿದೆ.

ತೊಳೆದ ಶುಂಠಿ ನೋಡಲು ಅಂದ, ನೆಡಲು ಕಷ್ಟ. ಉಜ್ಜಿ ತೊಳೆಯುವಾಗ ಸಿಪ್ಪೆ ಅಲ್ಲಲ್ಲಿ ಕಿತ್ತು ಬರುತ್ತದೆ, ತುದಿಯ ಕಣ್ಣುಗಳು ಮುರಿಯುತ್ತವೆ. ಆಮೇಲೆ ಅದು ಅಂಗಡಿಯ ಥಂಡಿಯಲ್ಲಿ ಕೂತಿರುತ್ತದೆ. 12 ಡಿಗ್ರಿಗಿಂತ ಕೆಳಗೆ ಬಹಳ ದಿನ ಇದ್ದ ಗಡ್ಡೆ ಒಳಗೇ ಕೆಡಲು ಶುರುವಾಗುತ್ತದೆ. ಹೊರಗೆ ತಂದ ಮೇಲೆ ಮೆತ್ತಗಾಗಿ ನೀರೊಡೆಯುತ್ತದೆ. ಮೊಳಕೆ ಬರದಂತೆ ಮದ್ದು ಹೊಡೆದಿರುತ್ತಾರೆ ಎಂದು ಜನ ಹೇಳುತ್ತಾರೆ. ಅಷ್ಟು ದೂರ ಹೋಗಬೇಕಿಲ್ಲ, ಕಣ್ಣೇ ಮುರಿದ ಮೇಲೆ ಮೊಳಕೆ ಬರುವುದೆಲ್ಲಿಂದ? ಇದನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ ನೆಡುವ ಪದ್ಧತಿಯೂ ಇದೆ. ಗಾಯವಾದ ಸಿಪ್ಪೆಗೆ ಅದರಿಂದ ಕೊಳೆ ಬೇಗ ಹಿಡಿಯುತ್ತದೆಯೇ ಹೊರತು ಲಾಭವಿಲ್ಲ.

ಮಣ್ಣು ಮೆತ್ತಿದ್ದೇ ನಮ್ಮ ಆಯ್ಕೆ. ಮುಂಬೈ, ಪುಣೆಯ ಮಾರ್ಕೆಟಿಗೆ ಸಾತಾರಾ ಕಡೆಯ ಮಾಲು ಬರುತ್ತದೆ. ಬಲಿತದ್ದಾದರೆ ಸಿಪ್ಪೆ ದಪ್ಪ, ಬಣ್ಣ ಮಾಸಲು, ಉಗುರಿನಿಂದ ಗೀರಿದರೂ ಸುಲಭಕ್ಕೆ ಏಳುವುದಿಲ್ಲ. ಬೆರಳಿನ ತುದಿಯಂಥ ಉಬ್ಬು ಇರುವ, ಒತ್ತಿದರೆ ಎಲ್ಲೂ ತಗ್ಗದ ಗಡ್ಡೆಯನ್ನೇ ಆರಿಸಿ. ಮುರಿದಾಗ ಒಳಗೆ ಕಂದು ಕಲೆ ಕಂಡರೆ, ಘಾಟಿನ ಬದಲು ಹುಳಿ ವಾಸನೆ ಬಂದರೆ ಬಿಟ್ಟುಬಿಡಿ. ಇದರ ದೋಷವೂ ಆ ಮಣ್ಣಿನಲ್ಲೇ ಇದೆ: ಹೊಲದ ಕೊಳೆ ರೋಗವೂ ಜೊತೆಗೇ ಮನೆಗೆ ಬರಬಹುದು. ಅದಕ್ಕೆ ಮಣ್ಣು ತೊಳೆದು, 20ರಿಂದ 25 ಗ್ರಾಂ ತೂಗುವ, ಒಂದೆರಡು ಕಣ್ಣಿರುವ ತುಂಡುಗಳಾಗಿ ಮುರಿದು, ಲೀಟರಿಗೆ 3 ಗ್ರಾಂ ಮ್ಯಾಂಕೋಜೆಬ್ (ಶಿಲೀಂಧ್ರ ಕೊಲ್ಲುವ ಮದ್ದು) ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿ, ನೆರಳಲ್ಲಿ ಒಣಗಿಸಿ. ಕೈಗವಸು ಹಾಕಿಕೊಳ್ಳಿ, ಅಡುಗೆಯ ಪಾತ್ರೆ ಬಳಸಬೇಡಿ. ರಾಸಾಯನಿಕ ಬೇಡವೆನ್ನುವವರು ಮಣ್ಣಿಗೆ ಟ್ರೈಕೋಡರ್ಮಾ (ಕೊಳೆ ರೋಗ ತಡೆಯುವ ಜೈವಿಕ ಪುಡಿ) ಸೇರಿಸಲಿ. ಎರಡನ್ನೂ ಒಟ್ಟಿಗೆ ಮಾಡಿದರೆ ಟ್ರೈಕೋಡರ್ಮಾ ಹಾಕಿದ್ದು ದಂಡವಾಗಬಹುದು. ಅದೂ ಒಂದು ಶಿಲೀಂಧ್ರವೇ ತಾನೆ.

ತಾನೇ ಮೊಳೆತದ್ದರಲ್ಲಿ ಅನುಮಾನಕ್ಕೆ ಎಡೆಯಿಲ್ಲ, ಕಣ್ಣು ಜೀವಂತವಿದೆ ಎಂಬುದು ಎದುರಿಗೇ ಕಾಣುತ್ತದೆ. ಆದರೆ ಸುಕ್ಕುಗಟ್ಟಿ ಹಗುರಾದ ತುಂಡಿನಲ್ಲಿ ಕೂಡಿಟ್ಟ ಆಹಾರ ಕಮ್ಮಿ, ಬರುವ ಕಾಂಡ ಸಣಕಲು. ಗಟ್ಟಿಯಿದ್ದು ಮೊಳೆತಿದ್ದರೆ ಮಣ್ಣು ಮೆತ್ತಿದ್ದಕ್ಕಿಂತ ಇದೇ ವಾಸಿ.

ಯಾವುದೇ ಶುಂಠಿಯಿರಲಿ, ನೆಡುವ ಹೊತ್ತು ತಪ್ಪಬಾರದು. ಮಳೆಗಾಲದ ಕೊನೆಗೆ ಬರುವ ತೆಳು ಸಿಪ್ಪೆಯ ಎಳೆ ಶುಂಠಿ ಉಪ್ಪಿನಕಾಯಿಗೆ ಸೈ, ನೆಡುವುದಕ್ಕಲ್ಲ. ಚಳಿಗಾಲದಲ್ಲಿ ಅಗೆದ ಬಲಿತ ಗಡ್ಡೆಯೂ ಎರಡು ಮೂರು ತಿಂಗಳು ನಿದ್ದೆಯಲ್ಲಿರುತ್ತದೆ. ಏಪ್ರಿಲ್‌ನಿಂದ ಮೇ ನಡುವಿನವರೆಗೆ ನೆಟ್ಟರೆ ಜೂನ್‌ನಲ್ಲಿ ಮಳೆ ಹಿಡಿಯುವ ಹೊತ್ತಿಗೆ ಬೇರು ಊರಿರುತ್ತದೆ. ಅದಕ್ಕೂ ಮೊದಲು ಅಗಲ ಟ್ರೇಯಲ್ಲಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಮಾತ್ರ ಹಸಿಯಿರುವ ಕೋಕೋಪೀಟಿನಲ್ಲಿ (ತೆಂಗಿನ ನಾರಿನ ಪುಡಿ) ಹೂತಿಟ್ಟು, ಮೊಳೆತದ್ದನ್ನಷ್ಟೇ ಕುಂಡಕ್ಕೆ ಸಾಗಿಸಿದರೆ ಜಾಗ ವ್ಯರ್ಥವಾಗುವುದಿಲ್ಲ. ಮೂರು ವಾರವಾದರೂ ಸುಮ್ಮನಿದ್ದ ತುಂಡನ್ನು ಒತ್ತಿ ನೋಡಿ. ಗಟ್ಟಿಯಿದ್ದರೆ ಇನ್ನಷ್ಟು ದಿನ ಬಿಡಿ, ಮೆತ್ತಗಿದ್ದರೆ ಎಸೆಯಿರಿ.

ಇನ್ನು ಕುಂಡ. ಹಳೇ ಪೇಂಟ್ ಬಕೆಟ್ ಎಲ್ಲರ ಮನೆಯಲ್ಲೂ ಇರುತ್ತದೆ, ಆದರೆ ಶುಂಠಿಗೆ ಅದು ಚೂರೂ ಹೊಂದುವುದಿಲ್ಲ. ಶುಂಠಿ ಆಳಕ್ಕಿಳಿಯುವ ಗಡ್ಡೆಯಲ್ಲ, ಅಡ್ಡಡ್ಡ ಹರಡುತ್ತದೆ. ಬಕೆಟಿನ ಗೋಡೆಗೆ ತಾಗಿ ಮಡಚಿಕೊಳ್ಳುತ್ತದೆ, ಬುಡದ ಮಣ್ಣು ಸುಮ್ಮನೆ ನೀರು ಕುಡಿದು ಕೂತಿರುತ್ತದೆ. ಒಂದೂವರೆ ಅಡಿ ಅಗಲ, ಮುಕ್ಕಾಲು ಅಡಿ ಎತ್ತರದ ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ) ಸರಿಯಾದದ್ದು, ಅದರಲ್ಲಿ ಮೂರು ತುಂಡು ಸಾಕು. ಮೀನಿನ ಮಾರ್ಕೆಟಿನ ಥರ್ಮೋಕೋಲ್ ಪೆಟ್ಟಿಗೆಯೂ ಅಗಲವಿದೆ, ಮೇ ತಿಂಗಳ ಬಿಸಿಲಿಗೆ ಬೇರು ಕಾಯುವುದಿಲ್ಲ. ಉಪ್ಪು ಹೋಗುವಂತೆ ತೊಳೆದು, ತಳದಲ್ಲಿ ಎಂಟು ಹತ್ತು ತೂತು ಮಾಡಿ, ಇಟ್ಟಿಗೆಯ ಮೇಲಿಡಬೇಕು. ನೆಲಕ್ಕೆ ಒತ್ತಿಕೊಂಡರೆ ತೂತಿದ್ದೂ ಇಲ್ಲದಂತೆ. ವರ್ಷ ಕಳೆದರೆ ಅಂಚು ಉದುರುತ್ತದೆ, ಆ ಕಸ ನೋಡಿದರೆ ಗ್ರೋ ಬ್ಯಾಗೇ ಮೇಲು.

ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಕೋಕೋಪೀಟ್, ಒಂದು ಹಿಡಿ ಬೇವಿನ ಹಿಂಡಿ. ಇದು ಪುಣೆಗೆ ಸರಿ. ಅಲ್ಲಿ ತಪ್ಪಿಸಬೇಕಾದ್ದು ಅಂಟುವ ಕಪ್ಪು ಮಣ್ಣನ್ನು. ಮುಂಬೈಯ ಮಳೆಗೆ ಕೋಕೋಪೀಟ್ ಅರ್ಧಕ್ಕಿಳಿಸಿ, ಉಳಿದರ್ಧಕ್ಕೆ ದಪ್ಪ ಮರಳು ಸೇರಿಸಿ. ತುಂಡನ್ನು ಕಣ್ಣು ಮೇಲಾಗಿ ಎರಡು ಇಂಚು ಆಳಕ್ಕಿಟ್ಟು, ಮೇಲೆ ಒಣಗಿಸಿದ ಕಬ್ಬಿನ ಸಿಪ್ಪೆ ಹೊದಿಸಿ. ರಸದ ಅಂಗಡಿಯವರು ಬಿಟ್ಟಿ ಕೊಡುತ್ತಾರೆ, ಒಣಗಿಸದೆ ಹಾಕಿದರೆ ಇರುವೆ ಮುತ್ತುತ್ತದೆ. ನೆಟ್ಟ 40 ಮತ್ತು 90 ದಿನದ ಆಸುಪಾಸಿನಲ್ಲಿ ಗೊಬ್ಬರ ಹಾಕಿ ಮಣ್ಣು ಏರಿಸಬೇಕು, ಆದ್ದರಿಂದ ಮೊದಲೇ ಕಂಠಪೂರ್ತಿ ತುಂಬಬೇಡಿ.

ಜುಲೈ, ಆಗಸ್ಟ್ ಪರೀಕ್ಷೆಯ ತಿಂಗಳು. ಸುರಿಯುವ ಮಳೆ ನೇರ ಬೀಳದಂತೆ ಸಜ್ಜಾದ ಕೆಳಗೆ ಸರಿಸಿ. ಆಮೇಲೂ ಗಿಡ ಹಳದಿಯಾದರೆ ಕಾಂಡ ಹಿಡಿದು ಮೆಲ್ಲನೆ ಎಳೆಯಿರಿ. ಬುಡ ನೀರುನೀರಾಗಿ, ನಾರುತ್ತಾ ಸಲೀಸಾಗಿ ಕಿತ್ತು ಬಂದರೆ ಗಡ್ಡೆ ಕೊಳೆ. ನಡುವಿನ ಎಲೆ ಮಾತ್ರ ಒಣಗಿ, ಕಾಂಡದಲ್ಲಿ ತೂತು, ಪಕ್ಕದಲ್ಲಿ ಹಿಕ್ಕೆ ಕಂಡರೆ ಕಾಂಡ ಕೊರೆಯುವ ಹುಳು; ಆ ಕಾಂಡವನ್ನಷ್ಟೇ ಕತ್ತರಿಸಿ ತೆಗೆದರೆ ಮುಗಿಯಿತು. ಎಲೆ ಹಸಿರಿದ್ದಾಗಲೇ ಸುರುಳಿ ಸುತ್ತಿ ಜೋತುಬಿದ್ದರೆ ಕಾಂಡದ ತುಂಡೊಂದನ್ನು ಗಾಜಿನ ಲೋಟದ ತಿಳಿನೀರಲ್ಲಿ ನಿಲ್ಲಿಸಿ. ಕೊಯ್ದ ತುದಿಯಿಂದ ಹಾಲಿನ ಎಳೆ ಇಳಿದರೆ ಬ್ಯಾಕ್ಟೀರಿಯಾದ ಸೊರಗು ರೋಗ. ಅದಕ್ಕೆ ಮ್ಯಾಂಕೋಜೆಬ್ ನಾಟುವುದಿಲ್ಲ. ಗಿಡ, ಮಣ್ಣು ಎರಡನ್ನೂ ಕಟ್ಟಿ ಎಸೆಯಿರಿ, ಆ ಮಣ್ಣಿಗೆ ಟೊಮೆಟೊ, ಬದನೆಯನ್ನೂ ಹಾಕಬೇಡಿ.

ಆರು ತಿಂಗಳಾದ ಮೇಲೆ ಅಂಚಿನ ಮಣ್ಣು ಸರಿಸಿ ತಂಬುಳಿಗೆ ಬೇಕಾದಷ್ಟು ಮುರಿದುಕೊಳ್ಳಬಹುದು. ಪೂರ್ತಿ ಬಲಿಯಲು ಎಂಟು ತಿಂಗಳು ಬೇಕು. ಎಲೆ ಒಣಗುತ್ತ ಬಂದಾಗ ನೀರು ನಿಲ್ಲಿಸಿ, ಎರಡು ವಾರ ಬಿಟ್ಟು ಅಗೆಯಿರಿ. ಪುಣೆಯ ಚಳಿಗೆ ಎಲೆ ಬೇಗ ಹಳದಿಯಾದರೆ ರೋಗವೆಂದು ಹೆದರಬೇಡಿ. ಕೊಳೆ ಕಾಣದ ಚೀಲದ ದಪ್ಪ ಗಡ್ಡೆಗಳನ್ನು ಒಣ ಮರಳಿನಲ್ಲಿ ಹೂತು ನೆರಳಲ್ಲಿಟ್ಟರೆ ಮುಂದಿನ ಏಪ್ರಿಲ್‌ಗೆ ಮಾರ್ಕೆಟಿಗೆ ಹೋಗಬೇಕಿಲ್ಲ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ.